ಅಂಕಪಟ್ಟಿ ಬಂದರೆ ಸಾಲದು, ರಿಜಿಸ್ಟರಿನಲ್ಲಿ ಹೆಸರು ಬರಬೇಕು

ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಮನ್ನಳ್ಳಿ ಕಡೆ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲೂ ನರ್ಸಿಂಗ್ ಕಾಲೇಜುಗಳದೇ ಮಾತು. "ಸರ, ನಮ್ಮ ಹುಡುಗಿಗಿ ನರ್ಸಿಂಗ್ ಕಲಸಬೇಕಂತ ಮಾಡೀವ್ರಿ" ಎನ್ನುವ ತಂದೆ-ತಾಯಿ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಫೀ ಎಷ್ಟು? ನೌಕರಿ ಸಿಗುತ್ತದೆಯೆ? ಇವೆರಡರ ನಡುವೆ ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಕೋರ್ಸು ಮುಗಿದ ಮೇಲೆ ಈ ಮಗುವಿನ ಹೆಸರು ರಾಜ್ಯ ನರ್ಸಿಂಗ್ ಪರಿಷತ್ತಿನ ರಿಜಿಸ್ಟರಿಗೆ ಏರುತ್ತದೆಯೋ ಇಲ್ಲವೋ? ಉಳಿದೆರಡು ಪ್ರಶ್ನೆಗಳಿಗೆ ಬೆಲೆ ಬರುವುದು ಇದಕ್ಕೆ ಉತ್ತರ ಸಿಕ್ಕಮೇಲೆಯೇ.

ಪರೀಕ್ಷೆ ಪಾಸಾಗುವುದು ಬೇರೆ, ನರ್ಸ್ ಆಗುವುದು ಬೇರೆ. ಕಾನೂನು ಓದಿದವರು ವಕೀಲರ ಪರಿಷತ್ತಿನಲ್ಲಿ ಹೆಸರು ಹಚ್ಚದೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಹಾಗೆಯೇ ನರ್ಸಿಂಗ್ ಓದಿದವರು ರಾಜ್ಯದ ರಿಜಿಸ್ಟರಿನಲ್ಲಿ ಸೇರದೆ ನೋಂದಾಯಿತ ನರ್ಸ್ ಆಗುವುದಿಲ್ಲ. ಇಡೀ ದೇಶದಲ್ಲಿ ಶಿಕ್ಷಣದ ಮಟ್ಟ ಒಂದೇ ಇರಲೆಂದು 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದಿತು. ಆಗ ಬೀದರ ನಿಜಾಮರ ಸೀಮೆಯಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ರಾಜ್ಯ ಕಾಯ್ದೆ ಆಯಿತು. ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿಗೆ ಆ ಕಾಯ್ದೆಯೇ ಆಧಾರ. 1947ರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಅದರಲ್ಲಿ ಕೇಂದ್ರಕ್ಕೊಂದು ಆಯೋಗ, ರಾಜ್ಯಕ್ಕೊಂದು ಆಯೋಗ ಎಂಬ ಏರ್ಪಾಡಿದೆ. ಫಲಕದ ಮೇಲಿನ ಹೆಸರು ಬದಲಾಗಬಹುದು, ರಿಜಿಸ್ಟರ್ ಎಂಬುದು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಈ ರಿಜಿಸ್ಟರ್ ಯಾಕೆ ಬೇಕು ಎಂಬ ಜಗಳ ಹಳೆಯದು. ನರ್ಸಿಂಗ್ ವೃತ್ತಿಗೆ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅವರೇ ಸರಕಾರಿ ನೋಂದಣಿಗೆ ವಿರೋಧವಾಗಿದ್ದರು. ಒಳ್ಳೆಯ ನರ್ಸಿನ ಗುಣವನ್ನು ಪರೀಕ್ಷೆ ಅಳೆಯಲಾರದು ಎಂಬುದು ಅವರ ನಿಲುವು. ಎದುರು ಪಕ್ಷದಲ್ಲಿದ್ದ ಬೆಡ್‌ಫರ್ಡ್ ಫೆನ್ವಿಕ್ ಎಂಬ ಮಹಿಳೆ ದಶಕಗಳ ಕಾಲ ನೋಂದಣಿಗಾಗಿ ಹೋರಾಡಿದರು. ನರ್ಸುಗಳಿಗೆಂದೇ ಪ್ರತ್ಯೇಕ ನೋಂದಣಿ ಕಾಯ್ದೆ ಮೊದಲು ಬಂದದ್ದು ನ್ಯೂಜಿಲೆಂಡಿನಲ್ಲಿ, 1901ರಲ್ಲಿ. ಮರುವರ್ಷ ಜನವರಿಯಲ್ಲಿ ಎಲೆನ್ ಡೊಹರ್ಟಿ ಎಂಬಾಕೆ ಅಲ್ಲಿನ ರಿಜಿಸ್ಟರಿನ ಮೊದಲ ಹೆಸರಾದರು. ಇಂಗ್ಲೆಂಡಿಗೆ ಅದು ಬರಲು 1919 ಆಗಬೇಕಾಯಿತು. ನಮ್ಮ ದೇಶದಲ್ಲಿ ಮದ್ರಾಸ್ ಪ್ರಾಂತ 1926ರಲ್ಲೇ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ಮಾಡಿತ್ತು.

ನೈಟಿಂಗೇಲ್ ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದವರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಅವರ ಖ್ಯಾತಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಹಾಗಿದ್ದರೆ ಕಾಗದ ಯಾಕೆ ಎಂದು ಯಾರಾದರೂ ಕೇಳಬಹುದು. ನರಸಮ್ಮನವರ ಕೈಗುಣ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಅಲ್ಲಿ ಊರೇ ರಿಜಿಸ್ಟರು. ರಾತ್ರಿ ಎರಡು ಗಂಟೆಗೆ ಬೀದರಿನ ಆಸ್ಪತ್ರೆಗೆ ಹೊತ್ತು ತಂದ ರೋಗಿಗೆ, ಸೂಜಿ ಹಿಡಿದು ಬಂದ ಅಪರಿಚಿತ ಹುಡುಗಿಯ ಕೈಗುಣ ತಿಳಿಯುವುದು ಹೇಗೆ? ಪರೀಕ್ಷಿಸುವ ಶಕ್ತಿ ರೋಗಿಗಿಲ್ಲ. ಆತನ ಪರವಾಗಿ ರಾಜ್ಯವೇ ಮೊದಲು ಪರೀಕ್ಷಿಸಿಟ್ಟಿರಬೇಕು. ರಿಜಿಸ್ಟರಿನ ಅರ್ಥ ಇಷ್ಟೆ.

ವಿಜ್ಞಾನದ ಮಾಸ್ತರನಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ, ಬೇಸರಪಡಬೇಡಿ. 500 ಮಿಲಿಲೀಟರ್ ಸಲಾಯಿನ್ ನಾಲ್ಕು ತಾಸಿನಲ್ಲಿ ಹೋಗಬೇಕು ಎಂದು ಡಾಕ್ಟರು ಬರೆದಿದ್ದಾರೆ. ಮಿಲಿಲೀಟರಿಗೆ 20 ಹನಿ ಬೀಳುವ ಸಾಮಾನ್ಯ ನಳಿಕೆ ಹಾಕಿದರೆ ಒಟ್ಟು 10,000 ಹನಿ. ನಾಲ್ಕು ತಾಸೆಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಬಳಸುವ ಸಣ್ಣ ಹನಿಯ ನಳಿಕೆಯಲ್ಲಿ ಮಿಲಿಲೀಟರಿಗೆ 60 ಹನಿ; ಅದರಲ್ಲಿ ನಿಮಿಷಕ್ಕೆ 125 ಹನಿ ಬಿಡಬೇಕು. ಈ ವ್ಯತ್ಯಾಸ ಗೊತ್ತಿಲ್ಲದವರು ಸಣ್ಣ ಹನಿಯ ನಳಿಕೆಗೆ 42ರ ಲೆಕ್ಕ ಹಿಡಿದರೆ ನಾಲ್ಕು ತಾಸಿನ ಸಲಾಯಿನ್ ಹನ್ನೆರಡು ತಾಸು ಎಳೆಯುತ್ತದೆ. ಸಾಮಾನ್ಯ ನಳಿಕೆಗೆ 125ರ ಲೆಕ್ಕ ಹಿಡಿದರೆ 80 ನಿಮಿಷದಲ್ಲೇ ಖಾಲಿ! ಹೃದಯ ದುರ್ಬಲವಾದ ಮುದುಕರ ಮೈಗೆ ಅಷ್ಟು ನೀರು ಅಷ್ಟು ಬೇಗ ನುಗ್ಗಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಎಂಟನೆಯ ಇಯತ್ತೆಯ ಭಾಗಾಕಾರವೇ ಇದು. ಆದರೆ ಇಲ್ಲಿ ತಪ್ಪಿದರೆ ಕಳೆಯುವುದು ಅಂಕವಲ್ಲ.

ಇನ್ನು ದಾರಿಯ ಮಾತಿಗೆ ಬರೋಣ. ರಿಜಿಸ್ಟರಿಗೆ ಒಯ್ಯುವ ಮುಖ್ಯ ಕೋರ್ಸುಗಳು ಮೂರು. ಎಎನ್‌ಎಂ ಎರಡು ವರ್ಷದ್ದು. ಹೆಣ್ಣುಮಕ್ಕಳಿಗೆ ಮಾತ್ರ, ಮುಂದೆ ಆರೋಗ್ಯ ಉಪಕೇಂದ್ರಗಳ ಕೆಲಸ. ಜಿಎನ್‌ಎಂ ಡಿಪ್ಲೊಮಾ ಹಿಂದೆ ಮೂರೂವರೆ ವರ್ಷ ಇತ್ತು, ಈಗ ಮೂರು ವರ್ಷ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಜಿಎನ್‌ಎಂ ಮತ್ತು ಬಿಎಸ್ಸಿ ಓದಿದವರು ನರ್ಸ್ ಹಾಗೂ ಮಿಡ್‌ವೈಫ್ ಎಂದು ನೋಂದಣಿಯಾಗುತ್ತಾರೆ. ಎಎನ್‌ಎಂ ಓದಿದವರ ನೋಂದಣಿ ಬೇರೆ. ಜಿಎನ್‌ಎಂ ಮುಗಿಸಿ ನೋಂದಣಿಯಾದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು. ಆದ್ದರಿಂದ ಜಿಎನ್‌ಎಂ ಸೇರಿದವರು ಕೀಳರಿಮೆ ಪಡಬೇಕಾಗಿಲ್ಲ.

ಮೊದಲ ಎಡವು ಹತ್ತನೆಯ ಇಯತ್ತೆ ಮುಗಿದ ಕೂಡಲೇ ಇರುತ್ತದೆ. ಬಿಎಸ್ಸಿ ನರ್ಸಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು, ಇಂಗ್ಲಿಷ್ ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ವಿಜ್ಞಾನ ತೆಗೆದುಕೊಂಡೆವೆಂದು ಹಿಗ್ಗಿ, ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಹಿಡಿದವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ಕಲೆ, ವಾಣಿಜ್ಯ ಓದಿದವರಿಗೆ ಜಿಎನ್‌ಎಂ ತೆರೆದಿದೆ. ಇಂಗ್ಲಿಷ್ ಪಾಸಾಗಿ ಶೇ. 40 ಅಂಕ ಇದ್ದರಾಯಿತು. ರಾಜ್ಯದಲ್ಲಿ ಬಿಎಸ್ಸಿಯ ಸರಕಾರಿ ಕೋಟಾ ಸೀಟುಗಳು ಈಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತಿವೆ. ಹೀಗಾಗಿ ಸಿಇಟಿ ಅರ್ಜಿಯ ದಿನಾಂಕ ತಪ್ಪಿಸಿಕೊಂಡು, ಆಮೇಲೆ ಏಜೆಂಟರ ಹಿಂದೆ ಅಲೆಯುವುದು ಜಾಣತನವಲ್ಲ.

ಎರಡನೆಯದು ಕಾಲೇಜಿನ ಪರೀಕ್ಷೆ. ಕಾಲೇಜು ನಿಮ್ಮ ಮಗಳನ್ನು ಪರೀಕ್ಷಿಸುವ ಮೊದಲು ನೀವು ಕಾಲೇಜನ್ನು ಪರೀಕ್ಷಿಸಬೇಕು. ರಾಜ್ಯ ಸರಕಾರದ ಅನುಮತಿ ಇದೆಯೆ? ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೆ? ಬಿಎಸ್ಸಿ ಆದರೆ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಬೇರೊಂದು ಅಧಿಕೃತ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೆ? ಜಿಎನ್‌ಎಂ ಆದರೆ ಪರೀಕ್ಷೆ ನಡೆಸುವುದು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯೇ? ಮಕ್ಕಳು ವಾರ್ಡಿನ ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೆ? ಮೊದಲ ಸಲದ ಈ ಕಲಿಕೆ ಮನೆಯಲ್ಲಿ ಕುಳಿತು ಅಂಚೆಯ ಮೂಲಕ ಆಗುವಂಥದ್ದಲ್ಲ. "ಹಾಜರಿ ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದವರ ಬಾಗಿಲಿನಿಂದಲೇ ತಿರುಗಿ ಬನ್ನಿ.

ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಏಜೆಂಟನ ಮಾತು ನಂಬಿ ದೂರದ ಊರಿನ ಒಂದು ಸಂಸ್ಥೆ ಸೇರಿದ್ದಳು. ತಂದೆ ಒಂದು ಎಕರೆ ಹೊಲ ಅಡವಿಟ್ಟರು. ಮೂರು ವರ್ಷದ ಮೇಲೆ ಬಣ್ಣಬಣ್ಣದ ಪ್ರಮಾಣಪತ್ರವೇನೋ ಬಂದಿತು; ನೋಂದಣಿಗೆ ಕೊಟ್ಟಾಗ ಆ ಸಂಸ್ಥೆಗೆ ಮಾನ್ಯತೆಯೇ ಇಲ್ಲವೆಂದು ಅರ್ಜಿ ತಿರುಗಿ ಬಂದಿತು. ಆಕೆ ಓದಿದ್ದು ಸುಳ್ಳಲ್ಲ, ರಾತ್ರಿ ಪಾಳಿ ಮಾಡಿದ್ದು ಸುಳ್ಳಲ್ಲ. ಆದರೆ ಕಾನೂನಿನ ಕಣ್ಣಿಗೆ ಆಕೆ ನರ್ಸ್ ಅಲ್ಲ. ಈಗ ಒಂದು ಸಣ್ಣ ದವಾಖಾನೆಯಲ್ಲಿ ದುಡಿಯುತ್ತಾಳೆ. ರೋಗಿಗಳು ಸಿಸ್ಟರ್ ಎನ್ನುತ್ತಾರೆ, ಸಂಬಳದ ಚೀಟಿಯಲ್ಲಿ ಸಹಾಯಕಿ ಎಂದಿದೆ. ಹೊಲ ಇನ್ನೂ ಬಿಡಿಸಿಕೊಂಡಿಲ್ಲ.

ಮೂರನೆಯದು ಕಾಗದಪತ್ರ. ನಮ್ಮ ಬೀದರ ಸೀಮೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಉದ್ದಕ್ಕೆ ಬರೆಯುವ ರೂಢಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ, ಕಾಲೇಜಿನಲ್ಲಿ ಬರೀ ಇನಿಷಿಯಲ್ಲು. ಈ ಮೂರೂ ಒಬ್ಬಳೇ ಹುಡುಗಿ ಎಂದು ಬೆಂಗಳೂರಿನ ಕಚೇರಿಗೆ ಗೊತ್ತಾಗುವುದು ಹೇಗೆ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೇ ಎಲ್ಲ ಕಡೆಗೂ ಬರುವಂತೆ ನೋಡಿಕೊಳ್ಳಿ. ಅದರಲ್ಲೇ ತಪ್ಪಿದ್ದರೆ ಶಾಲೆಯ ಮುಖ್ಯಗುರುಗಳ ಮೂಲಕ ಪರೀಕ್ಷಾ ಮಂಡಳಿಗೆ ಬರೆದು ಈಗಲೇ ತಿದ್ದಿಸಿ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನ ಕಪಾಟಿನಲ್ಲಿ ಬಿಡಬೇಡಿ. ಅವನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಒತ್ತೆ ಇಟ್ಟುಕೊಳ್ಳಕೂಡದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಸೂಚಿಸಿದೆ.

ನಮ್ಮ ಭಾಗದವರಿಗೆ ಇನ್ನೊಂದು ಕಾಗದವಿದೆ. ಸಂವಿಧಾನದ 371-ಜೆ ವಿಧಿ 2012ರ ತಿದ್ದುಪಡಿಯಿಂದ ಬಂದದ್ದು. ಅದರ ಆಧಾರದ ಮೇಲೆ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಲ್ಲಿ ಸ್ಥಳೀಯರಿಗೆ ಶೇ. 70, ಸ್ಥಳೀಯ ಸಿ ವೃಂದದ ಹುದ್ದೆಗಳಲ್ಲಿ ಶೇ. 80 ಮೀಸಲಿದೆ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಪಡೆದಿರಬೇಕು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಬೇಡ.

ನಾಲ್ಕನೆಯದು ನೋಂದಣಿಯೇ. ಅಂತಿಮ ಪರೀಕ್ಷೆ, ಆಸ್ಪತ್ರೆಯ ತರಬೇತಿ ಮುಗಿದು ಅಂಕಪಟ್ಟಿ, ಪ್ರಮಾಣಪತ್ರ ಬಂದ ಕೂಡಲೇ ರಾಜ್ಯ ಪರಿಷತ್ತಿಗೆ ಅರ್ಜಿ ಹಾಕಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಕೋರ್ಸಿನ ಎಲ್ಲ ವರ್ಷಗಳ ಅಂಕಪಟ್ಟಿ, ತರಬೇತಿ ಪೂರೈಸಿದ ಪತ್ರ, ಗುರುತಿನ ಚೀಟಿ, ಭಾವಚಿತ್ರ, ಶುಲ್ಕ ಇವು ಸಾಮಾನ್ಯವಾಗಿ ಬೇಕಾಗುವಂಥವು. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರು. ಒಂದು ಕಾಗದಕ್ಕಾಗಿ ಎರಡು ಸಲ ರೈಲು ಹತ್ತುವ ಬದಲು ಪರಿಷತ್ತಿನ ಅಂತರ್ಜಾಲ ತಾಣದಲ್ಲಿ ಆ ವರ್ಷದ ಪಟ್ಟಿ ನೋಡಿ ಎಲ್ಲ ಜೋಡಿಸಿಕೊಳ್ಳುವುದು ಲೇಸು. ನೋಂದಣಿ ಸಂಖ್ಯೆಯ ಜತೆಗೆ ಈಗ ರಾಷ್ಟ್ರೀಯ ಮಟ್ಟದ ಒಂದು ವಿಶಿಷ್ಟ ಗುರುತಿನ ಸಂಖ್ಯೆಯನ್ನೂ ಪಡೆಯಬೇಕಾಗುತ್ತದೆ. ಒಮ್ಮೆ ಹೆಸರು ಏರಿತೆಂದು ಮರೆತು ಕೂಡುವಂತಿಲ್ಲ, ಅವಧಿಗೆ ಸರಿಯಾಗಿ ನವೀಕರಿಸುತ್ತಿರಬೇಕು. ಮದುವೆಯಾಗಿ ಐದಾರು ವರ್ಷ ಮನೆಯಲ್ಲಿ ಕುಳಿತವರು ಕೆಲಸಕ್ಕೆ ಮರಳುವಾಗ ಪರದಾಡುವುದು ಇಲ್ಲಿಯೇ.

ನಾವು ಗಡಿಯ ಜನ. ಹೈದರಾಬಾದು ಮೂರು ತಾಸಿನ ದಾರಿ. ಉದಗೀರ, ಲಾತೂರು, ನಾಂದೇಡ ಕೂಡ ಹತ್ತಿರವೇ. ಅಲ್ಲಿ ಓದಿದವರು ಮೊದಲು ಓದಿದ ರಾಜ್ಯದ ಪರಿಷತ್ತಿನಲ್ಲೇ ನೋಂದಣಿ ಮಾಡಿಸಿ, ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕಕ್ಕೆ ವರ್ಗಾಯಿಸಿಕೊಳ್ಳಬೇಕು. ಬೀದರದಲ್ಲಿ ಓದಿ ಹೈದರಾಬಾದಿನ ಆಸ್ಪತ್ರೆಗೆ ಹೋಗುವವರಿಗೂ ಇದೇ ದಾರಿ, ತಿರುಗುಮುರುಗು ಅಷ್ಟೆ. ಸಮುದ್ರ ದಾಟುವ ಕನಸಿನವರಿಗೂ ಮೊದಲ ಮೆಟ್ಟಿಲು ಇದೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಲೈಸೆನ್ಸ್ ಮಂಡಳಿ ಇದೆ. ಅಲ್ಲಿನ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರು, ಹೈದರಾಬಾದಿನಲ್ಲೇ ಬರೆಯಬಹುದು. ಬ್ರಿಟನ್ನಿನಲ್ಲಿ ಲಿಖಿತ ಪರೀಕ್ಷೆಯಾದ ಮೇಲೆ ಕೈಕೆಲಸದ ಪರೀಕ್ಷೆಯೂ ಉಂಟು. ಆದರೆ ಅವರೆಲ್ಲ ಮೊದಲು ಕೇಳುವ ಮಾತು ಒಂದೇ: ನಿಮ್ಮ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿದೆಯೆ? ಬೆಂಗಳೂರಿನಲ್ಲಿ ಇಲ್ಲದ ಹೆಸರು ಲಂಡನ್ನಿನಲ್ಲಿ ಹುಟ್ಟುವುದಿಲ್ಲ.

ಆರು ತಿಂಗಳ, ವರ್ಷದ ಸಣ್ಣ ಕೋರ್ಸುಗಳನ್ನು ನಾನು ಹಳಿಯುವುದಿಲ್ಲ. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು ಮಾನದ ಕೆಲಸವೇ. ಆದರೆ ಅದು ನರ್ಸಿಂಗ್ ಲೈಸೆನ್ಸ್ ಅಲ್ಲ ಎಂಬುದು ಹಣ ಕಟ್ಟುವ ಮೊದಲೇ ತಿಳಿದಿರಲಿ. ಅಂಥ ಹುಡುಗಿಯ ಕೈಗೆ ಸೂಜಿ ಕೊಟ್ಟು, ಅರ್ಧ ಸಂಬಳದಲ್ಲಿ ಪೂರ್ತಿ ಹೊಣೆ ಹೊರಿಸುವುದು ಆಕೆಗೂ ರೋಗಿಗೂ ಒಟ್ಟಿಗೆ ಮಾಡುವ ಅನ್ಯಾಯ. ಏನಾದರೂ ಆದ ದಿನ ಕಟಕಟೆಯಲ್ಲಿ ನಿಲ್ಲುವವಳು ಅವಳೇ.

ಆದ್ದರಿಂದ ಈ ಸಲ ಕಾಲೇಜಿನ ಬಾಗಿಲಿಗೆ ಹೋದಾಗ ಫೀ ಕೇಳುವ ಮೊದಲು ಒಂದು ಮಾತು ಕೇಳಿ. "ನಿಮ್ಮಲ್ಲಿ ಹೋದ ವರ್ಷ ಪಾಸಾದವರ ನೋಂದಣಿ ಸಂಖ್ಯೆ ತೋರಿಸಿರಿ." ತೋರಿಸಿದರೆ ಒಳಗೆ ಹೋಗಿ ಕುಳಿತು ಮುಂದಿನ ಮಾತು ಆಡಿ. ತಡವರಿಸಿದರೆ ಮಗಳ ಕೈ ಹಿಡಿದು ಮುಂದಿನ ಬಸ್ಸಿಗೆ ಊರಿಗೆ ಬನ್ನಿ. ಒಂದು ವರ್ಷ ಹೋದರೆ ಮತ್ತೆ ಬರುತ್ತದೆ; ಅಡವಿಟ್ಟ ಹೊಲ ಅಷ್ಟು ಸುಲಭಕ್ಕೆ ಬರುವುದಿಲ್ಲ.