ಹತ್ತೊಂಬತ್ತು ಮನಿ, ಒಂದೂವರಿ ದಿನಾ

ಡಿಸೆಂಬರ್ ಬಂತಂದ್ರ ನಮ್ಮ ಧಾರವಾಡದ ಓಣ್ಯಾಗ ಎರಡು ಮನಿಗಿ ಒಂದರಾಗ ಅಮೆರಿಕಾದಿಂದ ಬರಾವ್ರು ಇರ್ತಾರ. ಅಲ್ಲೆ ಮಕ್ಕಳ ಸಾಲಿಗಿ ಕ್ರಿಸ್‌ಮಸ್ ಸೂಟಿ, ಇಲ್ಲೆ ನಮಗ ಅಟ್ಟದ ಮ್ಯಾಲಿನ ಗಾದಿ ಬಿಸಲಿಗಿ ಹಾಕೂ ಕೆಲಸಾ. ಮೊನ್ನೆ ಎದುರು ಮನಿ ಅಕ್ಕಾರು ಬಂದು, "ಮಗಾ ಸೊಸಿ ಬರಾಕತ್ತಾರ. ಯಾರ್ಯಾರ ಮನಿಗಿ ಕರಕೊಂಡು ಹೋಗಬೇಕು ಅಂತ ಒಂದ್ ಪಟ್ಟಿ ಮಾಡಿ ಕೊಡ್ರಿ, ನಿಮಗ ರೂಢಿ ಐತಿ" ಅಂದ್ರು. ಪೆನ್ನು ಹಿಡಕೊಂಡು ಕುಂತೆ. ಬರಿಯಾಕ ಕೈ ಏಳಲಿಲ್ಲ. ಯಾಕಂತ ಅವರಿಗಿ ಹೇಳಿದ್ದನ್ನ ನಿಮಗೂ ಹೇಳತೀನಿ.

2022ರಾಗ ನಮ್ಮ ಮೈದುನಾ, ನೆಗೆಣ್ಣಿ, ಎರಡು ಮಕ್ಕಳು ನ್ಯೂಜೆರ್ಸಿಯಿಂದ ಬಂದಿದ್ರು. ಕೊರೊನಾ ಅಂತ ನಾಕು ವರ್ಷ ಬರಾಕ ಆಗಿರಲಿಲ್ಲ. ದೊಡ್ಡ ಸೊಸಿ ನಾನು, ಪಟ್ಟಿ ಮಾಡೂ ಕೆಲಸಾ ನಂದು. ಕ್ಯಾಲೆಂಡರ್ ಮುಂದ ಇಟಕೊಂಡು, ಎಲ್ಲಾರ ಹೆಸರೂ ಬರದು, ಫ್ರಿಜ್ಜಿಗಿ ಅಂಟಿಸಿದೆ. 16 ದಿನಾ, 19 ಮನಿ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋಕಾಕ, ಗದಗ, ಬಾಗಲಕೋಟಿ, ವಿಜಯಪುರ. ಒಬ್ರೂ ಬಿಟ್ಟು ಹೋಗಿಲ್ಲ ಅಂತ ನನಗ ನಾನ ಶಾಭಾಶ್ ಅಂದುಕೊಂಡೆ.

ಆ ಮನಿಗಳಾಗ ಏನಾತು ಅಂತ ನಿಮಗ ಗೊತ್ತೈತಿ. ಹೊಕ್ಕ ಕೂಡ್ಲೆ ಚಹಾ, ಉಪ್ಪಿಟ್ಟು ಇಲ್ಲಾ ಸೂಸಲಾ. "ಈಗಷ್ಟ ತಿಂದು ಬಂದೇವ್ರಿ" ಅಂದ್ರೂ ಬಿಡಂಗಿಲ್ಲ. "ಕನ್ನಡ ಬರತೈತೇನ? ಎಲ್ಲೆ, ಒಂದೆರಡು ಮಾತು ಆಡಿ ತೋರಸು" ಅಂತ ಕೂಸಿನ್ನ ನಡಮನ್ಯಾಗ ನಿಂದ್ರಸೂದು. ಆ ಹುಡುಗಿ ತಪ್ಪಾಗಿ ಒಂದು ಅಂದ್ರ ಎಲ್ಲಾರೂ ನಗೂದು. ಆಮ್ಯಾಲೆ ಉಡಿ ತುಂಬೂದು, ಫೋಟೋ ತಗೊಳ್ಳೂದು, ಚಪ್ಪಲಿ ಹುಡಕೂದು. ಗಾಡ್ಯಾಗ ಕುಂತ ಮ್ಯಾಲೆ ಸಣ್ಣಾಂವ ಕೇಳತಿದ್ದಾ, "ದೊಡ್ಡವ್ವಾ, ಇವ್ರು ಯಾರು?" "ನಿಮ್ಮಪ್ಪನ ಸೋದರತ್ತಿ ಮಗಳು" ಅಂತ ಹೇಳಿ ಮುಗಿಸೂದ್ರಾಗ ಮುಂದಿನ ಮನಿ ಬರತಿತ್ತು. ಮೂರನೇ ದಿನಾ ಇಬ್ಬರಿಗೂ ವಾಂತಿ. ಅಲ್ಲಿ ಹಗಲಂದ್ರ ಇಲ್ಲಿ ರಾತ್ರಿ. ಮಕ್ಕಳಿಗಿ ನಿದ್ದಿನ ತಿಳಿದಿಲ್ಲ, ನಾವು ಊಟಕ್ಕ ಎಬ್ಬಸಾಕತ್ತಿದ್ವಿ. ಉಡಿ ತುಂಬಿದ ಜಂಪರ್ ಪೀಸುಗಳನ್ನ ನೆಗೆಣ್ಣಿ ಒಯ್ಯಲಿಲ್ಲ, ಎಲ್ಲಿ ಒಯ್ತಾಳ? ಅವು ನನ್ನ ಟ್ರಂಕಿನ್ಯಾಗ ಬಿದ್ದು, ಮುಂದ ಒಂದೊಂದಾಗಿ ಬ್ಯಾರೇದವರ ಉಡಿ ಸೇರಿದ್ವು. ಅವ್ರು ಮತ್ತ್ಯಾರಿಗಿ ಕೊಟ್ರೋ.

ಇಷ್ಟ ಆಗಿದ್ರ ನಕ್ಕು ಬಿಡಬಹುದಿತ್ತು.

ನಮ್ಮ ನೆಗೆಣ್ಣಿ ತವರುಮನಿ ವಿಜಯಪುರ. ನನ್ನ ಪಟ್ಟ್ಯಾಗ ಅದಕ್ಕ ಸಿಕ್ಕಿದ್ದು ಒಂದೂವರಿ ದಿನಾ. ಆಕಿ ತಾಯಿಗಿ ಆವಾಗ ಎಪ್ಪತ್ತಾರು, ಮೊಣಕಾಲು ಹಿಡಿದಿದ್ವು. ಮೊಮ್ಮಗಳಿಗಂತ ಹಳೀ ಇಳಕಲ್ ಸೀರಿ ಹರದು ಕೌದಿ ಹೊಲಿಯಾಕ ಹಚ್ಚಿದ್ರು, ಇನ್ನೂ ಅರ್ಧಾ ಆಗಿತ್ತು. ಆ ಅರ್ಧಾ ದಿನದಾಗ ನಾವು ಮತ್ತ ಗೋಲಗುಮ್ಮಟಕ್ಕ ಹೊಂಟ್ವಿ, ಅಮೆರಿಕಾದಿಂದ ಬಂದು ನೋಡದ ಹೋದ್ರ ಹೆಂಗ ಅಂತ. ಮ್ಯಾಲಿನ ಗ್ಯಾಲರಿಗಿ ಆ ಸಣ್ಣ ಮೆಟ್ಟಲಾ ಏಳು ಅಂತಸ್ತು ಏರಬೇಕು. ಆಯಿಗಿ ಆಗಂಗಿಲ್ಲ. ಅವ್ರು ಕೆಳಗ ಹುಲ್ಲಿನ ಮ್ಯಾಲೆ ಕುಂತ್ರು. ಮಕ್ಕಳು ಮ್ಯಾಲೆ ಹೋಗಿ "ಆಯಿ" ಅಂತ ಕೂಗಿ, ಅದು ತಿರತಿರಗಿ ಬರೂದನ್ನ ಕೇಳಿ ಕುಣದ್ರು. ಕೆಳಗ ಹೊರಗ ಕುಂತ ಆಯಿಗಿ ಅದು ಕೇಳಿಸಿರಂಗಿಲ್ಲ. ಇಳದು ಬರೂದ್ರಾಗ ಒಂದೂವರಿ ತಾಸು ಆಗಿತ್ತು, ಗಾಡಿ ಡ್ರೈವರ್ ಅವಸರಾ ಮಾಡಾಕತ್ತಿದ್ದಾ.

ಹೊಂಡೂ ಮುಂದ ನೆಗೆಣ್ಣಿ ನನ್ನ ಅಡಗಿಮನ್ಯಾಗ ಕರದು ಕೇಳಿದ್ಲು. "ಅಕ್ಕಾ, ಇನ್ನೊಂದು ಎರಡು ದಿನಾ ಇರ್ಲೇನ್?" ನಾನು ಏನಂದೆ ಗೊತ್ತೇನ್ರಿ? "ಗೋಕಾಕದಾಗ ಅಡಗಿ ಮಾಡಿಸ್ಯಾರವ್ವಾ, ಹೋಗಲಿಲ್ಲಂದ್ರ ಬ್ಯಾಸರಾ ಮಾಡ್ಕೋತಾರ." ಆಕಿ ಮತ್ತೊಂದು ಮಾತಾಡಲಿಲ್ಲ. ಗೋಕಾಕದ ಆ ಮನ್ಯಾಗ ನಾವು ಕುಂತದ್ದು ಐವತ್ತು ನಿಮಿಷ.

ಮುಂದಿನ ಶ್ರಾವಣದಾಗ ಆ ತಾಯಿ ಹೋಗಿಬಿಟ್ರು. ಟಿಕೆಟ್ ಸಿಕ್ಕು, ವಿಮಾನಾ ಹತ್ತಿ, ಇಲ್ಲಿಗಿ ಮುಟ್ಟೂತನಾ ಇಡಾಕ ಆಗಲಿಲ್ಲ. ನೆಗೆಣ್ಣಿ ಎಲ್ಲಾ ಫೋನಿನ್ಯಾಗ ನೋಡಿದ್ಲು. ಆಮ್ಯಾಲೆ ಸೈತ ಆಕಿ ನನಗ ಒಂದು ಮಾತು ಆಡಿಲ್ಲ. ಅಂದು ಬಿಟ್ಟಿದ್ರ ಛಲೋ ಆಗತಿತ್ತು. ನಾನೂ ತವರುಮನಿ ಇದ್ದಾಕಿನ, ನನ್ನ ತಾಯಿ ಇದ್ದಾಗ ಬಸ್ ಸ್ಟ್ಯಾಂಡಿಗಿ ಹೊಂಡೂ ಮುಂದ ನನ್ನ ಕಾಲು ಹೆಂಗ ಜಗ್ಗತಿದ್ವು ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಅದಕ್ಕ 2024ರಾಗ ಅವ್ರು ಬರ್ತೀವಿ ಅಂದಾಗ ಪಟ್ಟಿ ಮಾಡಂಗಿಲ್ಲ ಅಂದೆ. ಮನ್ಯಾಗ ದೊಡ್ಡ ಚರ್ಚಾ ಆತು. ನಮ್ಮವರು, "ಮಂದಿ ಏನಂದಾರು?" ಅಂದ್ರು. ಎಂಬತ್ನಾಕು ವರ್ಷದ ನಮ್ಮ ಅತ್ತಿ ಗೋಡಿಗಿ ಆತು ಕುಂತಾವ್ರು ಹೇಳಿದ್ರು, "ಕಾಲು ಇದ್ದವ್ರು ಇಲ್ಲಿಗಿ ಬರಲಿ. ಕಾಲು ಇಲ್ಲದವ್ರ ಕಡೆ ಇವ್ರು ಹೋಗಲಿ." ನಾನು ಪಿಯುಸಿ ಓದೇನಿ, ಅವ್ರು ಸಾಲಿ ಮೆಟ್ಟಲಾ ಹತ್ತಿಲ್ಲ. ಲೆಕ್ಕಾ ಅವರ ಬಾಯಾಗ ಎಷ್ಟು ಹಗರಾಗಿ ಬಂತು ನೋಡ್ರಿ.

ಹಂಗ ಮಾಡಿದ್ವಿ. ಬಂದ ಕೂಡ್ಲೆ ಏಳು ದಿನಾ ವಿಜಯಪುರ. ತಾಯಿ ಇಲ್ಲದ ತವರು ಅದು, ಆದ್ರೂ ಅಣ್ಣಾ ವೈನಿ ಅದಾರ. ಆ ಅರ್ಧಾ ಕೌದಿ ತಗದು ಅತ್ತಿಗೆ-ನಾದಿನಿ ಕೂಡಿ ಹೊಲದ್ರು, ದೊಡ್ಡಾಕಿ ಸೂಜಿಗಿ ದಾರಾ ಪೋಣಿಸಿ ಕೊಟ್ಲು. ಆಯಿ ಹಾಕಿದ ಹೊಲಿಗಿ ಎಲ್ಲಿತನಾ, ತಾವು ಹಾಕಿದ್ದು ಎಲ್ಲಿಂದ ಅಂತ ಆ ಹುಡುಗಿ ನನಗ ಕೈ ಹಚ್ಚಿ ತೋರಿಸಿದ್ಲು.

ಆ ಸಲ ಡಿಸೆಂಬರ್ 30ಕ್ಕ ಎಳ್ಳ ಅಮವಾಸಿ ಬಂದಿತ್ತು. ಬಳಗಕ್ಕೆಲ್ಲಾ ಒಂದ ಮಾತು ತಿಳಿಸಿದ್ವಿ: ನಮ್ಮ ಹೊಲಕ್ಕ ಬರ್ರಿ, ಬರೂ ಮುಂದ ನಿಮ್ಮ ಬುತ್ತಿ ತರ್ರಿ. ನಲವತ್ತು ಮಂದಿ ಸೇರಿದ್ರು. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಗಿ, ಕಡಬು. ಬನ್ನಿಗಿಡದ ಬುಡಕ ಐದು ಕಲ್ಲಿಗಿ ಸುಣ್ಣಾ ಹಚ್ಚಿ, ಪಾಂಡವರಂತ ಪೂಜಿ ಮಾಡಿ, ಹೊಲದ ತುಂಬ ಚರಗಾ ಚೆಲ್ಲಿದ್ವಿ. ಅಮೆರಿಕಾದ ಮಕ್ಕಳು, ಇಲ್ಲಿನ ಮಕ್ಕಳು ಎಲ್ಲಾ ಕೂಡಿ ಕಡಲಿ ಹೊಲದಾಗ ಬಿದ್ದು ಹೊರಳಾಡಿದ್ರು. ಕಡಲಿ ಎಲಿ ಹುಳಿ ಕೈಗಿ ಹತ್ತಿತಲ್ಲಾ, ನಾಲಿಗಿಲೆ ನೆಕ್ಕಿ ನೋಡಿ ಒಬ್ಬರಿಗೊಬ್ರು ತೋರಿಸೂದ ಆಟಾ. ಕನ್ನಡ ಬರತೈತೇನು ಅಂತ ಯಾರೂ ಕೇಳಲಿಲ್ಲ, ಅದರ ಪಾಡಿಗಿ ಅದು ಬರತಿತ್ತು. ಸಂಜಿಕ ಸಣ್ಣಾಂವ ಎಂಟು ಮಕ್ಕಳ ಹೆಸರು ಹೇಳಿದಾ. ಅವರು ಯಾರ ಮಕ್ಕಳು ಅಂತನೂ ಹೇಳಿದಾ.

ಸಿಟ್ಟು ಯಾರಿಗೂ ಬರಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಬೆಳಗಾವಿ ಒಬ್ಬರು ಅಕ್ಕಾರು ಇವತ್ತಿಗೂ ಮದುವ್ಯಾಗ ಸಿಕ್ರ, "ನಮ್ಮ ಮನಿಗಿ ಯಾಕ ಬರ್ತಾರ ಬಿಡು, ದೊಡ್ಡವ್ರು" ಅಂತಾರ. ಮನಿ ಮುಂದ ಕಾರ್ ಐತಿ, ಎರಡು ತಾಸಿನ ಹಾದಿ, ಅವ್ರು ಬರಲಿಲ್ಲ. ಅವರು ಅಂತಿರಲಿ, ನಾನು ಕೇಳತಿರ್ತೀನಿ. ಆದ್ರ ಅವರ ಮಾತಿನ್ಯಾಗ ಒಂದು ಖರೇ ಐತಿ: ಹೋಗಿ ಬಂದು ಮಾಡಿದ್ರನ ಬಳಗ. ನಾನು ಕೇಳೂದು ಇಷ್ಟ. ಹೊಸ್ತಿಲಾ ಮುಟ್ಟಿ ಓಡೂದಕ್ಕ ಹೋಗಿ ಬರೂದು ಅಂತಾರೇನು?

ನನ್ನ ಅಭಿಪ್ರಾಯ ಹೇಳತೀನಿ, ಒಪ್ಪದಿದ್ರ ಜಗಳಾ ತಗೀರಿ. ಹಾಸಿಗಿ ಹಿಡದ ಹಿರ್ಯಾರು ಇರೂ ಮನಿಗಿ ಹೋಗಲೇಬೇಕು. ಆ ವರ್ಷ ಯಾರಾರ ಹೋದ ಮನಿಗಿ ಹೋಗಲೇಬೇಕು. ಅಲ್ಲಿ ಐವತ್ತು ನಿಮಿಷ ಅಲ್ಲ, ಒಂದು ಹೊತ್ತು ಕುಂದರಬೇಕು. ಉಳದವರೆಲ್ಲಾ ಒಂದು ದಿನಾ ಒಂದು ಕಡೆ ಸೇರಲಿ. ಹಬ್ಬಾ ಕೂಡಿ ಬರದಿದ್ರ ಐತವಾರ ಸಾಕು, ಹೊಲಾ ಇಲ್ಲದವ್ರಿಗಿ ಮಾಳಗಿ ಐತಿ. ಮತ್ತ ಸೊಸಿ ತವರುಮನಿಗಿ ಅರ್ಧಾ ಸೂಟಿ ಬಿಡ್ರಿ. 16 ದಿನಾ ಬಂದ್ರ 8 ದಿನಾ ಆಕೀವು. ಅದು ನಾವು ಕೊಡೂ ಉಪಕಾರ ಅಲ್ಲ. ಮಗಾ ತನ್ನ ತಾಯಿ ನೋಡಾಕ ಬರ್ತಾನ, ಸೊಸಿ ತನ್ನ ತಾಯಿ ನೋಡಾಕ ಬರ್ತಾಳ, ಇಬ್ಬರೂ ಅಷ್ಟ ದೂರದಿಂದ ಬರ್ತಾರ.

ಎದುರು ಮನಿ ಅಕ್ಕಾರಿಗಿ ಕಡೀಕ ಪಟ್ಟಿ ಬರದು ಕೊಟ್ಟೆ. ಮೊದಲನೇ ಹೆಸರು ಅವರ ಸೊಸಿ ತವರುಮನಿದು. ಎಷ್ಟು ದಿನಾ ಅಂತ ನಾನು ಬರೀಲಿಲ್ಲ, ಜಾಗಾ ಖಾಲಿ ಬಿಟ್ಟೇನಿ. "ಇದನ್ನ ಆಕೀನ್ನ ಕೇಳಿ ತುಂಬ್ರಿ" ಅಂದೇನಿ.