ಸ್ಪೀಡ್ ಮುಳ್ಳು ಏಳಲಿಲ್ಲ ಅಂದ್ರೆ ಸೆನ್ಸರ್ ಒಂದೇ ಕಳ್ಳ ಅಲ್ಲ

ಕಾರಿನ ಸ್ಪೀಡ್ ಮುಳ್ಳು ಸೊನ್ನೇಲೇ ನಿಂತಿದೆ ಅಂತ ಗ್ಯಾರೇಜಿಗೆ ಹೋಗಿ ನೋಡಿ. ನಮ್ಮ ಕಡೆ ಸಿಗೋದು ಒಂದೇ ಉತ್ತರ: "ಸೆನ್ಸರ್ ಹೋಗಿದೆ, ಹಾಕ್ಸಿಬಿಡಿ." ಟೆಸ್ಟ್ ಮಾಡಿದ್ರಾ ಅಂದ್ರೆ ಸ್ಕ್ಯಾನರ್ ಎತ್ತಿ ತೋರಿಸ್ತಾರೆ. ಪಿ 0500 ಅಂತ ಕೋಡ್ ಬಂದಿರುತ್ತೆ. ಅಲ್ಲಿಗೆ ಮುಗೀತು.

ಆ ಕೋಡಿನ ಅರ್ಥ ಸೆನ್ಸರ್ ಸತ್ತಿದೆ ಅಂತಲ್ಲ ಸ್ವಾಮಿ. ಗಾಡಿಯ ವೇಗದ ಸಿಗ್ನಲ್ ಇಸಿಯುಗೆ ಸರಿಯಾಗಿ ಬರ್ತಿಲ್ಲ ಅಂತ ಅಷ್ಟೇ. ಸೆನ್ಸರಿಗೆ ಕರೆಂಟೇ ಹೋಗ್ತಿಲ್ಲದೇ ಇರಬಹುದು, ಅರ್ಥ್ ಬಿಟ್ಟಿರಬಹುದು, ವೈರ್ ತುಂಡಾಗಿರಬಹುದು, ಹಳೇ ಗಾಡಿಯಾದ್ರೆ ಸೆನ್ಸರ್ ತಿರುಗಿಸೋ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆದಿರಬಹುದು. ಬೋರ್‌ವೆಲ್ ನೀರು ಎತ್ತಲಿಲ್ಲ ಅಂದ ತಕ್ಷಣ ನಾವು ಮೋಟಾರ್ ಮೇಲಕ್ಕೆ ಎಳೀತೀವಾ? ಸ್ಟಾರ್ಟರ್ ಡಬ್ಬಿ ತೆಗೀತೀವಿ, ಮೂರು ಫೇಸ್ ಇದೆಯಾ ನೋಡ್ತೀವಿ, ಫ್ಯೂಸ್ ನೋಡ್ತೀವಿ, ಕೇಬಲ್ ನೋಡ್ತೀವಿ. ಆಮೇಲೆ ಅಲ್ವಾ ಲಿಫ್ಟಿಂಗ್ ಗಾಡಿಯವರಿಗೆ ಫೋನು? ಅಷ್ಟು ಬುದ್ಧಿ ಇರೋರು ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕೈಕಟ್ಟಿ ನಿಂತುಬಿಡ್ತೀವಿ.

ನಮ್ಮ ಚಿಕ್ಕಪ್ಪನ ಹಳೇ ಪೆಟ್ರೋಲ್ ಕಾರಿಗೆ ಎರಡು ಸಲ ಸೆನ್ಸರ್ ಬದಲಿಸಿದ್ರು. ಮುಳ್ಳು ಏಳಲಿಲ್ಲ, ಕಿಲೋಮೀಟರ್ ಓಡಲಿಲ್ಲ, ಹಂಪ್ ಹತ್ರ ನಿಧಾನ ಮಾಡಿದ್ರೆ ಎಂಜಿನ್ ಆಫ್ ಆಗೋದು ಹಾಗೇ ಇತ್ತು. ಮೂಟೆ ಹಾಕ್ಕೊಂಡು ಸಂತೆಗೆ ಹೋಗೋ ಗಾಡಿ, ಹೈವೇ ದಾಟೋವಾಗ ಆಫ್ ಆದ್ರೆ ಏನು ಗತಿ? ಮೂರನೇ ಸಲ "ಮೀಟರ್ ಬೋರ್ಡೇ ಹೋಗಿದೆ, 9,000 ಆಗುತ್ತೆ" ಅಂದ್ರಂತೆ. ಆಗ ಗಾಡಿ ನಮ್ಮ ಶೆಡ್ಡಿಗೆ ಬಂತು.

ಅದು ಮೂರು ವೈರಿನ ಸೆನ್ಸರ್. ಒಂದು ಸಪ್ಲೈ, ಒಂದು ಅರ್ಥ್, ಒಂದು ಸಿಗ್ನಲ್. ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಡಿಜಿಟಲ್ ಮಲ್ಟಿಮೀಟರ್ ಇಟ್ಟೆ. ಸಪ್ಲೈ ಪಿನ್‌ನಲ್ಲಿ 12 ವೋಲ್ಟ್ ಇತ್ತು. ಅರ್ಥ್ ಸರಿ ಇತ್ತು. ಸಿಗ್ನಲ್ ಪಿನ್‌ನಲ್ಲಿ ಸೊನ್ನೆ. ಇಂಥ ಗಾಡೀಲಿ ಆ ವೈರಿಗೆ ಆಚೆ ತುದಿಯಿಂದ 5 ವೋಲ್ಟೋ 12 ವೋಲ್ಟೋ ಬರ್ತಿರಬೇಕು, ಸೆನ್ಸರ್ ಮಾಡೋ ಕೆಲಸ ಅದನ್ನ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡೋದು ಅಷ್ಟೇ. ಗಮನಿಸಿ, ಸೆನ್ಸರ್ ಆಗ ಕಳಚಿ ಪಕ್ಕಕ್ಕಿತ್ತು. ಸೆನ್ಸರ್ ಇಲ್ಲದಾಗಲೇ ತಪ್ಪು ಕಾಣ್ತಿದೆ ಅಂದ್ಮೇಲೆ ಹೊಸ ಸೆನ್ಸರ್ ಹತ್ತು ಹಾಕಿದ್ರೂ ಏನು ಪ್ರಯೋಜನ?

ಕೀ ಆಫ್ ಮಾಡಿ ವೈರ್ ಹಿಡ್ಕೊಂಡು ಹೋದ್ರೆ ಬ್ಯಾಟರಿ ತಟ್ಟೆ ಕೆಳಗೆ ಇಲಿ ಕಡಿದಿತ್ತು. ಕಡ್ಲೆಕಾಯಿ ಮೂಟೆ ಪಕ್ಕ ಕಾರು ನಿಲ್ಲಿಸಿದ್ರೆ ಇನ್ನೇನಾಗುತ್ತೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕನೆಕ್ಟರ್ ಕೂಡಿಸಿ, ಸಿಗ್ನಲ್ ವೈರಿಗೆ ಹಿಂದಿನಿಂದ ಸೂಜಿ ತಾಗಿಸಿ ಮುಂದಿನ ಒಂದು ಚಕ್ರ ಕೈಯಲ್ಲಿ ತಿರುಗಿಸಿದ್ವಿ. 5, 0, 5, 0.

ನೀವು ಮಾಡೋದಾದ್ರೆ ಗೇರ್ ನ್ಯೂಟ್ರಲ್‌ನಲ್ಲಿರಲಿ, ಬೇರೆ ಚಕ್ರಗಳಿಗೆ ಕಲ್ಲು ಕೊಡಿ, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಎಂಜಿನ್ ತಿರುಗಿಸೋ ಚಕ್ರಗಳಲ್ಲಿ ಒಂದನ್ನ ಮಾತ್ರ ಎತ್ತಿ. ಎರಡೂ ಎತ್ತಿದ್ರೆ ಒಂದು ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿ, ಸೆನ್ಸರಿಗೆ ಏನೂ ಗೊತ್ತಾಗದೇ ಹೋಗಬಹುದು. ಬಲ್ಬಿನ ಟೆಸ್ಟರ್ ಸಿಗ್ನಲ್ ವೈರಿಗೆ ಖಂಡಿತಾ ಇಡಬೇಡಿ, ಇಸಿಯು ಸುಟ್ಟೀತು. ಎರಡೇ ವೈರಿನ ಮ್ಯಾಗ್ನೆಟ್ ಸೆನ್ಸರಾದ್ರೆ ಈ ಲೆಕ್ಕ ಬೇರೆ, ಅಲ್ಲಿ ಎಸಿ ವೋಲ್ಟ್ ನೋಡಬೇಕು, ಚಕ್ರ ಜೋರಾದಷ್ಟೂ ಅದು ಏರಬೇಕು. ಎಬಿಎಸ್ ಇರೋ ಎಷ್ಟೋ ಹೊಸ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮೇಲೆ ಸ್ಪೀಡ್ ಸೆನ್ಸರೇ ಇರಲ್ಲ, ಚಕ್ರದ ಸೆನ್ಸರುಗಳಿಂದಲೇ ವೇಗ ಬರುತ್ತೆ. ಅಲ್ಲಿ ಸ್ಕ್ಯಾನರ್ ಬೇಕೇ ಬೇಕು. ಆದ್ರೆ ಕೋಡ್ ಓದಿ ಮುಚ್ಚಿಡೋಕಲ್ಲ, ಗಾಡಿ ಓಡಿಸ್ತಾ ನಾಲ್ಕೂ ಚಕ್ರದ ವೇಗ ಪಕ್ಕಪಕ್ಕ ನೋಡೋಕೆ.

ಗ್ಯಾರೇಜಿನವರದ್ದೂ ಒಂದು ಮಾತಿದೆ, ಅದು ಸುಳ್ಳಲ್ಲ: "ಅರ್ಧ ದಿನ ವೈರ್ ಹುಡುಕಿದ್ರೆ ನೀವು ಕೂಲಿ ಕೊಡಲ್ಲ, ಪಾರ್ಟ್ ಹಾಕಿದ್ರೆ ಮಾತಾಡ್ದೆ ಕೊಡ್ತೀರಿ." ಕೊಡೋಣ. 500 ರೂಪಾಯಿ ಹುಡುಕಿದ ಕೂಲಿ ಅಂತ ಕೊಡೋಕೆ ಕೈ ಹಿಂದೇಟು ಹಾಕೋರು ನಾವೇ. ಆದ್ರೆ ಸಪ್ಲೈ ಎಷ್ಟಿತ್ತು, ಸಿಗ್ನಲ್ ಎಷ್ಟಿತ್ತು ಅಂತ ಎರಡು ಅಂಕಿ ಬಿಲ್ಲಿನ ಹಿಂದೆ ಬರೆದುಕೊಡಲಿ. ಅದು ಬರೆಯದೆ ಪಾರ್ಟ್ ಬಿಚ್ಚೋಕೆ ಬಿಡಬೇಡಿ, ಬಿಚ್ಚಿದ್ರೆ ಹಳೇದನ್ನ ಕೇಳಿ ತಗೊಂಡು ಬನ್ನಿ.

ಚಿಕ್ಕಪ್ಪ ಪುಣ್ಯಕ್ಕೆ ತಂದಿಟ್ಟಿದ್ರು. ಕಂಪನಿಯಿಂದ ಬಂದಿದ್ದ ಆ ಮೊದಲನೇ ಸೆನ್ಸರನ್ನೇ ವಾಪಸ್ ಹಾಕಿ ಚಕ್ರ ತಿರುಗಿಸಿದ್ವಿ. 5, 0, 5, 0. ಈಗ ಅದೇ ಓಡ್ತಿದೆ. ಹೊಸವೆರಡು ಬಿಲ್ ಸಮೇತ ಡಬ್ಬೀಲಿವೆ. ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳಲ್ವಂತೆ.