ಹೃದಯದ ಶಸ್ತ್ರಕ್ರಿಯೆಯೂ ಮೆದುಳಿನ ಪರೀಕ್ಷೆಯೂ

ಹೃದಯದ ಕವಾಟವನ್ನು ಬದಲಾಯಿಸುವ ಶಸ್ತ್ರಕ್ರಿಯೆಯು ಸಫಲವಾಯಿತೆಂದು ವೈದ್ಯರು ಹೊರಗೆ ಬಂದು ಹೇಳಿದೊಡನೆ ಬಂಧುಗಳ ಎದೆಯ ಭಾರವು ಇಳಿಯುತ್ತದೆ. ನಾಲ್ಕು ದಿನಗಳ ಮೇಲೆ ರೋಗಿಯು ಮೊಮ್ಮಗನ ಹೆಸರಿಗೆ ತಡವರಿಸಿದರೆ, ಇಲ್ಲವೆ ನೀರಿನ ಲೋಟವು ಎಡಗೈಯಿಂದ ಜಾರಿದರೆ, ಅದು ಮಂಪರು, ಅದು ನಿಶ್ಶಕ್ತಿ ಎಂದು ಸಮಾಧಾನ ಹೇಳುವ ವಾಡಿಕೆಯುಂಟು. ಈ ವಾಡಿಕೆಯು ಅಪಾಯಕರವಾದುದೆಂದು ವಾಚಕರಿಗೆ ತಿಳಿಸುವುದು ನಮ್ಮ ಕರ್ತವ್ಯವಾಗಿದೆ.

1953ರಲ್ಲಿ ಫಿಲಡೆಲ್ಫಿಯದ ಡಾ. ಗಿಬ್ಬನ್ನರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ ಶಸ್ತ್ರಕ್ರಿಯೆಯಲ್ಲಿ ಜಯಶೀಲರಾದರು. 1990ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ನಿರ್ಮಿಸಿದ ಸ್ವದೇಶೀ ಕವಾಟವು ಮೊದಲಬಾರಿಗೆ ಮನುಷ್ಯನ ಹೃದಯದಲ್ಲಿ ಕುಳಿತಿತು. ಈ ವಿದ್ಯೆಯ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಕೆಟ್ಟ ಕವಾಟವನ್ನು ಕತ್ತರಿಸಿ ತೆಗೆಯುವಾಗ ಅದಕ್ಕೆ ಅಂಟಿದ ಸುಣ್ಣದಂಥ ಕಣಗಳೂ, ಮಹಾಧಮನಿಯನ್ನು ಬಿಗಿಹಿಡಿದು ಬಿಡುವಾಗ ಅದರ ಒಳಗೋಡೆಯ ಚೂರುಗಳೂ, ತೆರೆದ ಹೃದಯದಲ್ಲಿ ಉಳಿದ ಗಾಳಿಯ ಗುಳ್ಳೆಗಳೂ ರಕ್ತದೊಡನೆ ಮೆದುಳಿಗೆ ಸಾಗಿ ಸಣ್ಣ ನಾಳಗಳನ್ನು ಮುಚ್ಚಬಲ್ಲವು.

ಈ ಹಾನಿಯು ಎಷ್ಟರಮಟ್ಟಿನದು? ಫಿಲಡೆಲ್ಫಿಯದಲ್ಲಿಯೇ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕಣ್ಣು ತೆರೆಯಿಸುವಂತಿದೆ. ಮಹಾಧಮನಿಯ ಕವಾಟವನ್ನು ಬದಲಿಸಿಕೊಂಡ, 65 ವರ್ಷ ಮೀರಿದ 196 ರೋಗಿಗಳನ್ನು ನರರೋಗತಜ್ಞರು ಶಸ್ತ್ರಕ್ರಿಯೆಗೆ ಮೊದಲೊಮ್ಮೆಯೂ ಅನಂತರ ಹಲವು ಸಲವೂ ಪರೀಕ್ಷಿಸಿದರು. ನೂರಕ್ಕೆ 17 ಮಂದಿಯಲ್ಲಿ ಪಾರ್ಶ್ವವಾಯುವಿನ ಲಕ್ಷಣಗಳು ಕಂಡವು. ಇದೇ ರೋಗಿಗಳ ವಿಷಯದಲ್ಲಿ ಶಸ್ತ್ರವೈದ್ಯರ ಸಂಘದ ದಾಖಲೆಗೆ ಹೋದ ಸಂಖ್ಯೆಯು ನೂರಕ್ಕೆ 7 ಮಾತ್ರ! ಯಾವ ಲಕ್ಷಣವೂ ಇಲ್ಲದೆ ಎಂ.ಆರ್.ಐ. ಚಿತ್ರಕ್ಕೆ ಒಳಗಾದ 109 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೆದುಳಿನಲ್ಲಿ ಹೊಸ ಗಾಯದ ಗುರುತುಗಳಿದ್ದುವು. ಅವರೆಲ್ಲರೂ ವೃದ್ಧರು, ಕೀಲುವಾತದ ಜ್ವರದಿಂದ ಕವಾಟ ಕೆಟ್ಟ ನಮ್ಮ ತರುಣ ರೋಗಿಗಳಿಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು. ಮೌನವಾದ ಗಾಯಗಳಿಂದ ಆಸ್ಪತ್ರೆಯಲ್ಲಿನ ಮರಣಗಳು ಹೆಚ್ಚಿದಂತೆಯೂ ಅಲ್ಲಿ ಕಾಣಲಿಲ್ಲ. ಆದರೆ ಏಳಕ್ಕೂ ಹದಿನೇಳಕ್ಕೂ ಇರುವ ಅಂತರವು ರೋಗದ್ದಲ್ಲ, ನೋಡುವವರ ಕಣ್ಣಿನದು. ಹುಡುಕದವನ ಲೆಕ್ಕದ ಪುಸ್ತಕವು ಯಾವಾಗಲೂ ಶುಭ್ರವಾಗಿಯೇ ಇರುತ್ತದೆ.

ಕಂಡುಹಿಡಿದು ಮಾಡುವುದೇನೆಂದು ಕೇಳುವವರುಂಟು. ದೊಡ್ಡ ಶಸ್ತ್ರಕ್ರಿಯೆಯಾದ ಹೊಸದರಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಕೊಡುವುದು ಅಪಾಯವೆಂಬುದು ನಿಜ. ಆದರೆ ದೊಡ್ಡ ನಾಳವೇ ಮುಚ್ಚಿದ್ದರೆ ಸಣ್ಣ ನಳಿಕೆಯನ್ನು ತೂರಿಸಿ ಅಡಚಣೆಯನ್ನು ಎಳೆದು ತೆಗೆಯುವ ಉಪಾಯವು ಈಗ ಇದೆ. ಅದಕ್ಕೆ ಗಂಟೆಗಳ ಲೆಕ್ಕ. ಮರುದಿನ ಗಮನಕ್ಕೆ ಬಂದರೆ ಬಹುಮಟ್ಟಿಗೆ ಕಾಲ ಮೀರಿರುತ್ತದೆ. ಸಣ್ಣ ಗಾಯವಾದರೂ ತಿಳಿದಿದ್ದರೆ ಮಾತಿನ ಮತ್ತು ಕೈಕಾಲುಗಳ ಅಭ್ಯಾಸವನ್ನು ಬೇಗನೆ ಆರಂಭಿಸಬಹುದು.

ಪ್ರತಿಯೊಬ್ಬರಿಗೂ ಎಂ.ಆರ್.ಐ. ಆಗಲೇಬೇಕೆಂದು ನಾವು ಹೇಳುವುದಿಲ್ಲ. ವೆಚ್ಚವಂತಿರಲಿ, ಹೃದಯಕ್ಕೆ ತಾತ್ಕಾಲಿಕವಾಗಿ ಜೋಡಿಸಿದ ತಂತಿಗಳನ್ನು ತೆಗೆಯುವ ತನಕ ಅದನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ನಾವು ಕೇಳುವುದು ಅಗ್ಗದ ವಿಷಯ. ಶಸ್ತ್ರಕ್ರಿಯೆಗೆ ಮುನ್ನಾದಿನ ರೋಗಿಯ ಮಾತು, ನೆನಪು, ದೃಷ್ಟಿ, ಕೈಕಾಲುಗಳ ಬಲ ಇವುಗಳನ್ನು ಬರೆದಿಡತಕ್ಕದ್ದು. ಎಚ್ಚರವಾದ ಮೇಲೆ ಅದೇ ಪರೀಕ್ಷೆಯನ್ನು ದಿನವೂ ಮಾಡತಕ್ಕದ್ದು. ಅದನ್ನು ಮಾಡುವವರು ಕತ್ತಿ ಹಿಡಿದವರಲ್ಲದೆ ಬೇರೆಯವರಾಗಿರತಕ್ಕದ್ದು. ಸರಕಾರದ ಯೋಜನೆಗಳಿಂದ ಶಸ್ತ್ರಕ್ರಿಯೆಗಳಿಗೆ ಹಣ ಸಲ್ಲುವಲ್ಲೆಲ್ಲ ಈ ಒಂದು ಹಾಳೆಯನ್ನೂ ಬಿಲ್ಲಿನೊಡನೆ ಕೇಳಿ ಪಡೆಯುವುದು ಅಧಿಕಾರಿಗಳ ಕೈಯಲ್ಲಿಯೇ ಇದೆ.